ಒಂದೇ ದಿನ ಮೂರು ನೀರು

ಲೇತಿಗೆ ಸುರಿಯುವ ಕಟಿಂಗ್ ಆಯಿಲ್ ಮತ್ತು ಬೇವಿನ ಹೂವು, ಈ ಎರಡು ವಾಸನೆ ಒಟ್ಟಿಗೆ ಬರುವ ಜಾಗ ನನಗೆ ಗೊತ್ತಿರುವುದು ಒಂದೇ, ಬೆಂಗಳೂರಿನ ಪೀಣ್ಯ. ಕಳೆದ ತಿಂಗಳು ಹಳೆಯ ಸಹೋದ್ಯೋಗಿಯೊಬ್ಬಳ ಗೃಹಪ್ರವೇಶಕ್ಕೆಂದು ಮೆಟ್ರೊ ಇಳಿದು, ಆಟೊ ಹಿಡಿಯದೆ ಹಳೆಯ ದಾರಿಯಲ್ಲೇ ನಡೆದುಕೊಂಡು ಹೊರಟಿದ್ದೆ. ಲೇತ್ ಶೆಡ್ಡುಗಳ ಸಾಲು ಮುಗಿಯುವ ತಿರುವಿನಲ್ಲಿ ಆ ವಾಸನೆ ಮೂಗಿಗೆ ಬಡಿಯಿತು. ಹಳೆಯ ಜಾಗಕ್ಕೆ ಮರಳಿದರೆ ಕಣ್ಣು ತುಂಬಿ ಬರುತ್ತದೆ ಎನ್ನುತ್ತಾರೆ. ನನಗೆ ಹಲ್ಲು ಕಡಿಯುವಷ್ಟು ಸಿಟ್ಟು ಬಂತು. ನಾವಿದ್ದ ವಠಾರ ಈಗಿಲ್ಲ, ಅಲ್ಲಿ ನಾಲ್ಕು ಮಹಡಿಯ ಪಿ.ಜಿ. ಎದ್ದಿದೆ. ಗೇಟಿನ ಮೇಲೆ ನಗುವ ಹುಡುಗಿಯ ಚಿತ್ರ, ಅದರ ಕೆಳಗೆ ‘ಮನೆಯಂಥ ವಾತಾವರಣ’ ಎಂಬ ಬರಹ. ಎಂಥ ಮನೆ ಎಂದು ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ.

ಕೊರೊನಾ ಮುಗಿದ ಮೇಲಿನ ಎರಡನೆಯ ಬೇಸಿಗೆ ಅದು. ದೂರ ದೂರ ನಿಲ್ಲಲಿ ಎಂದು ಫ್ಯಾಕ್ಟರಿಯ ನೆಲಕ್ಕೆ ಬಳಿದಿದ್ದ ಹಳದಿ ವೃತ್ತಗಳು ಇನ್ನೂ ಪೂರ್ತಿ ಅಳಿಸಿರಲಿಲ್ಲ. ನಾನು ಹಾವೇರಿ ಕಡೆಯವಳು. ಡಿಪ್ಲೊಮಾ ಮುಗಿಸಿ ಪೀಣ್ಯದ ಒಂದು ಸಣ್ಣ ಎಂಜಿನಿಯರಿಂಗ್ ಘಟಕದಲ್ಲಿ ಕ್ವಾಲಿಟಿ ನೋಡುವ ಕೆಲಸಕ್ಕಿದ್ದೆ. ಲೇತಿನಿಂದ ಬಂದ ಬುಷ್ ಎಂಬ ಉಕ್ಕಿನ ಬಳೆಗಳನ್ನು ಅಳತೆಯ ಗೇಜಿಗೆ ಹಾಕುವುದು, ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದರೂ ಕೆಂಪು ಡಬ್ಬಕ್ಕೆ ಎಸೆಯುವುದು. ಜಗಳಗಂಟಿ ಎಂಬ ಹೆಸರನ್ನು ಆ ಕೆಲಸವೇ ತಂದುಕೊಟ್ಟಿತೋ, ಮೊದಲೇ ಇತ್ತೋ ಗೊತ್ತಿಲ್ಲ. ನನ್ನ ಜೊತೆಗಿದ್ದವಳು ದೊಡ್ಡಮ್ಮ ಗಂಗವ್ವ. ಗಂಡ ತೀರಿಕೊಂಡ ಮೇಲೆ ಊರಿನಲ್ಲಿ ಯಾರ ಹಂಗೂ ಬೇಡವೆಂದು ನನ್ನ ಹತ್ತಿರ ಬಂದು, ವಠಾರದ ಒಂಟಿ ಗಂಡಸರಿಗೆಲ್ಲ ಜೋಳದ ರೊಟ್ಟಿ ಬಡಿದು ಕೊಟ್ಟು, ನನಗಿಂತ ಗಟ್ಟಿಯಾಗಿ ನೆಲೆ ನಿಂತವಳು.

ವಠಾರವೆಂದರೆ ಎದುರುಬದುರು ಎರಡು ಸಾಲು ಶೀಟಿನ ಕೋಣೆಗಳು, ನಡುವೆ ಒಂದು ಓಣಿ, ತುದಿಯಲ್ಲಿ ನಲ್ಲಿ ಮತ್ತು ಎಲ್ಲರಿಗೂ ಸೇರಿದ ಕಕ್ಕಸು. ಇದ್ದವರು ಹೆಚ್ಚಿನವರು ನಮ್ಮ ಕಡೆಯವರೇ, ಕೊಪ್ಪಳ, ಗದಗ, ಬಾಗಲಕೋಟೆ. ಓನರ್ ಮುನಿರಾಜಣ್ಣ ಮುಂದಿನ ಮಹಡಿ ಮನೆಯಲ್ಲಿದ್ದ. ಕೆಟ್ಟವನು ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಲು ಬರುವ ಮನುಷ್ಯನಲ್ಲ, ಅದು ನನ್ನ ಸಿಟ್ಟನ್ನು ಇನ್ನೂ ಹೆಚ್ಚಿಸುತ್ತದೆ. ಹಬ್ಬಕ್ಕೆ ಎಲ್ಲರ ಬಾಗಿಲಿಗೂ ಸಿಹಿ ಕಳಿಸುತ್ತಿದ್ದ. ನೀರಿನ ಮೋಟಾರು ಕೆಟ್ಟರೆ ತಾನೇ ಲುಂಗಿ ಎತ್ತಿಕಟ್ಟಿ ತೊಟ್ಟಿಗೆ ಇಳಿಯುತ್ತಿದ್ದ. ಕೊರೊನಾ ಕಾಲದಲ್ಲಿ ಇಡೀ ವಠಾರ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೋದಾಗ, ಬೀಗ ಬಿದ್ದ ಬಾಗಿಲುಗಳನ್ನು ನೋಡುತ್ತ ತಿಂಗಳುಗಟ್ಟಲೆ ಕೂತಿದ್ದನಂತೆ. “ಖಾಲಿ ರೂಮು ನೋಡಿದ್ರೆ ಭಯ ಆಗುತ್ತೆ ಕಣಮ್ಮ,” ಎಂದು ಒಮ್ಮೆ ನನ್ನ ಹತ್ತಿರವೇ ಹೇಳಿದ್ದ. ಆ ಭಯ ಸುಳ್ಳಲ್ಲ. ಆದರೆ ತನ್ನ ಭಯವನ್ನು ಬೇರೆಯವರ ಮೈಮೇಲೆ ಇಳಿಸುವ ಹಕ್ಕನ್ನು ಅವನಿಗೆ ಯಾರು ಕೊಟ್ಟರು ಎಂದು ಇವತ್ತಿಗೂ ಕೇಳುತ್ತೇನೆ.

ನಮ್ಮ ಎದುರು ಕೋಣೆಯಲ್ಲಿ ಕೊಪ್ಪಳದ ಮಲ್ಲಪ್ಪ ಮತ್ತು ಅವನ ಹೆಂಡತಿ ರೇಣುಕಾ. ಅವನು ಕಟ್ಟಡಗಳ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದ, ಅವಳು ಗಾರ್ಮೆಂಟ್ಸಿಗೆ. ಎರಡು ಸಲ ಬಸಿರು ನಿಂತು ನಿಲ್ಲದೆ ಹೋಗಿತ್ತು. ಈ ಸಲ ಏಳನೆಯ ತಿಂಗಳಿಗೆ ಬಿದ್ದಿತ್ತು. ಅವಳು ಕೆಲಸ ಬಿಟ್ಟು ಮನೆಯಲ್ಲಿದ್ದಳು. ಬಿಸಿಲು ಇಳಿದ ಮೇಲೆ ಹೊಸ್ತಿಲಲ್ಲಿ ಕೂತು ಉಪ್ಪು ಖಾರ ಹಚ್ಚಿದ ಮಾವಿನಕಾಯಿ ಕಡಿಯುತ್ತ ಬಂದವರನ್ನೆಲ್ಲ ಮಾತಿಗೆಳೆಯುವಳು. ನಾನು ಶಿಫ್ಟು ಮುಗಿಸಿ ಬಂದರೆ, “ಅಕ್ಕಾ, ನನ್ನ ಕೂಸು ಹುಟ್ಟಿದ ಮ್ಯಾಲೆ ಅದನ್ನೂ ನಿನ್ನ ಗೇಜಿಗೆ ಹಾಕಿ ನೋಡ್ತಿಯೇನ? ಕೆಂಪು ಡಬ್ಬಿಗೆ ಒಗದೀಯ ಮತ್ತ!” ಎನ್ನುವಳು. ಅಂಥ ಮಾತು ಆಡಬಾರದು ಎಂದು ದೊಡ್ಡಮ್ಮ ಬೈದರೆ ಇನ್ನಷ್ಟು ನಗುವಳು. ಈ ಕೂಸು ದಡ ಸೇರಲಿ ಎಂಬುದೊಂದೇ ಆ ವರ್ಷ ಆ ಓಣಿಯ ಎಲ್ಲ ಹೆಂಗಸರ ಹರಕೆಯಾಗಿತ್ತು.

ಶಿವರಾತ್ರಿ ಕಳೆದು ಬಿಸಿಲು ಏರುವ ಹೊತ್ತಿಗೆ ಕೊನೆಯ ಕೋಣೆಯ ಬಸವರಾಜನಿಗೆ ಜ್ವರ ಬಂತು. ಲೇತ್ ಆಪರೇಟರ್, ನಮ್ಮದೇ ಘಟಕದವನು. ಮೂವರು ಗೆಳೆಯರ ಜೊತೆ ಇದ್ದ. ಮರುದಿನ ಎದೆ, ಬೆನ್ನು, ತೋಳಿನ ತುಂಬ ನೀರು ತುಂಬಿದ ಗುಳ್ಳೆ. ದೊಡ್ಡಮ್ಮ ದೂರದಿಂದಲೇ ನೋಡಿ, “ತಾಯಿ ಬಂದಾಳ,” ಎಂದಳು. ಚಿಕನ್ ಪಾಕ್ಸ್ ಎಂಬ ಹೆಸರನ್ನು ಅವಳು ಸತ್ತರೂ ಹೇಳುವವಳಲ್ಲ. ಹೋಗಿ ಬೇವಿನ ಟೊಂಗೆ ಮುರಿದು ತಂದು ಅವನ ಬಾಗಿಲಿಗೆ ಕಟ್ಟಿದಳು. ಅಲ್ಲಿಗೆ ಓಣಿಗೆಲ್ಲ ಆಜ್ಞೆ ಆದಂತೆಯೇ. ಆ ಬಾಗಿಲಿನ ಮುಂದೆ ಯಾರೂ ನಿಲ್ಲುವಂತಿಲ್ಲ. ಊಟ ಹೊಸ್ತಿಲ ಹೊರಗಿಡಬೇಕು. ಒಳಗಿದ್ದವರು ಬೇರೆಯವರ ಮನೆಗೆ ಹೋಗುವಂತಿಲ್ಲ. ಬಸುರಿಯರು ಆ ಕಡೆ ಗಾಳಿಗೂ ಹೋಗಬಾರದು. ರೇಣುಕಾಗೆ ನೀರನ್ನು ನಾವೇ ಹಿಡಿದು ತಂದುಕೊಡತೊಡಗಿದೆವು. ಗುಳ್ಳೆಗಳು ಪೂರ್ತಿ ಬಾಡಿ ಹಕ್ಕಳೆ ಕಟ್ಟಿದ ಮೇಲೆ, ದಿನ ಬಿಟ್ಟು ದಿನ, ಬೇವು ಅರಿಸಿನ ಹಾಕಿ ಕಾಯಿಸಿದ ನೀರನ್ನು ಮೂರು ಸಲ ತಲೆಗೆ ಹಾಕಬೇಕು. ಮೂರನೆಯ ನೀರಾದ ಮೇಲೆ ಮೊಸರನ್ನದ ಎಡೆ, ಮುತ್ತೈದೆಯರಿಗೆ ಉಡಿ ತುಂಬುವುದು. ಆಮೇಲೆ ಬೇವು ಇಳಿಸುವುದು. ಅಲ್ಲಿಯವರೆಗೆ ತಾಯಿ ಮನೆಯಲ್ಲೇ ಇದ್ದಾಳೆ ಎಂದೇ ಲೆಕ್ಕ.

ಇದರಲ್ಲಿ ಅರ್ಧ ನನಗೆ ಒಪ್ಪಿಗೆ, ಅರ್ಧ ಮೈಯುರಿ. ಔಷಧಿ ಮುಟ್ಟಬಾರದು, ಸೂಜಿ ಚುಚ್ಚಿಸಿದರೆ ತಾಯಿ ಮುನಿಯುತ್ತಾಳೆ ಎಂಬ ಮಾತು ಕೇಳಿದರೆ ಈಗಲೂ ನನ್ನ ರಕ್ತ ಕುದಿಯುತ್ತದೆ. ಬಸವರಾಜನನ್ನು ಡಾಕ್ಟರ ಹತ್ತಿರ ಕಳಿಸಲು ದೊಡ್ಡಮ್ಮನ ಜೊತೆ ಜಗಳವಾಡಿ ಸೋತೆ. ಆದರೆ ಬಾಗಿಲಿನ ಬೇವು ಬೇರೆ ಮಾತು. ನನ್ನ ಅಜ್ಜಿಯ ಮುಖದ ತುಂಬ ಸಿಡುಬಿನ ಕಲೆಗಳಿದ್ದವು. ಅವಳ ತಾಯಿ ಪ್ಲೇಗಿನ ಕಾಲದವಳು. ಇಲಿ ಬಿದ್ದ ಸುದ್ದಿ ಕೇಳಿದ ಕೂಡಲೇ ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕಿಕೊಂಡು, ಹಿರಿಯರು ಹೇಳುವವರೆಗೆ ಒಬ್ಬರೂ ಮನೆ ಕಡೆ ತಲೆ ಹಾಕುತ್ತಿರಲಿಲ್ಲವಂತೆ. ಈ ಬೆಂಗಳೂರಿನಲ್ಲೂ ಪ್ಲೇಗಿನ ಹೆಸರು ಹೊತ್ತ ಅಮ್ಮನ ಗುಡಿಗಳಿವೆ. ಪ್ಲೇಗು, ಸಿಡುಬು, ಕಾಲರಾ, ಇವನ್ನೆಲ್ಲ ನಮ್ಮ ಹಳಬರು ಓದಿ ಕಲಿಯಲಿಲ್ಲ, ಹೆಣ ಹೊತ್ತು ಕಲಿತರು. ಕಲಿತದ್ದನ್ನು ಓದುಬರಹ ಬಾರದವರಿಗೂ ತಿಳಿಯುವಂತೆ ಬಾಗಿಲಿಗೆ ಕಟ್ಟಿದರು. ಕೊರೊನಾದಲ್ಲಿ ಸರ್ಕಾರದವರು ಸೋಂಕಿನ ಮನೆಗಳ ಬಾಗಿಲಿಗೆ ಕಾಗದ ಅಂಟಿಸಿ ಹೋದರಲ್ಲ, ಅದೂ ಇದೇ ಕೆಲಸ. ಒಂದೇ ವ್ಯತ್ಯಾಸ, ಕಾಗದ ಹರಿದರೆ ಪೊಲೀಸರು ಬರುತ್ತಿದ್ದರು. ಬೇವು ಹರಿದರೆ ಕೇಳುವವರಿಲ್ಲ.

ಮುನಿರಾಜಣ್ಣ ಹರಿದ. ಬೇವು ಕಟ್ಟಿದ ಮೂರನೆಯ ದಿನ ಬೆಳಿಗ್ಗೆ, ನಾನು ಕೆಲಸಕ್ಕೆ ಹೊರಡುವ ಹೊತ್ತಿನಲ್ಲಿ, ಅವನು ಓಣಿಯೊಳಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ. ಅವತ್ತು ಸಂಜೆ ಲೇಬರ್ ಕಂಟ್ರಾಕ್ಟರೊಬ್ಬ ಹೊಸ ಆಳುಗಳಿಗೆ ಖಾಲಿ ಕೋಣೆಗಳನ್ನು ನೋಡಲು ಬರುವವನಿದ್ದ.

“ಏನ್ರಮ್ಮಾ ಇದು? ಯಾರು ನೇತಾಕಿದ್ದು? ನನ್ ಬಿಲ್ಡಿಂಗ್ನ ಮಾರಮ್ಮನ ಗುಡಿ ಮಾಡ್ಬಿಟ್ಟಿದೀರಲ್ಲ!” ಎಂದ.

“ತಾಯಿ ಬಂದಾಳ್ರಿ. ಗುಳ್ಳಿ ಬಾಡೂತನಕ ತಗೀಬಾರದ್ರಿ,” ಎಂದಳು ದೊಡ್ಡಮ್ಮ.

“ಯಾವ ಕಾಲದಲ್ಲಿದೀರ? ಇದೆಲ್ಲಾ ಮೂಢನಂಬಿಕೆ ಕಣ್ರೀ. ಬೇವು ಕಟ್ಟಿದ್ರೆ ಕಾಯಿಲೆ ಹೋಗ್ಬಿಡುತ್ತಾ?”

“ಕಾಯಿಲೆ ಹೋಗೋಕೆ ಅಲ್ಲ ಅಣ್ಣ ಕಟ್ಟಿರೋದು, ಜನ ಬರದೇ ಇರೋಕೆ,” ಎಂದೆ ನಾನು.

“ಅದೇ ಕಣಮ್ಮ ನಾನು ಹೇಳ್ತಿರೋದೂ! ಜನ ಬರಲ್ಲ!” ಎಂದು ಕೈ ಚಾಚಿ ಟೊಂಗೆಯನ್ನು ಎಳೆದು ಮೋರಿಗೆ ಎಸೆದ. ನನ್ನ ಮಾತನ್ನೇ ನನಗೆ ತಿರುಗಿಸಿಕೊಟ್ಟೆ ಎಂಬ ಖುಷಿ ಅವನ ಮುಖದಲ್ಲಿತ್ತು. ಅವನ ಬೆನ್ನು ತಿರುಗಿದ ಕೂಡಲೇ ದೊಡ್ಡಮ್ಮ ಇನ್ನೊಂದು ಟೊಂಗೆ ತಂದು ಕಟ್ಟಿದಳು. ಸಂಜೆ ಬಂದ ಕಂಟ್ರಾಕ್ಟರ್ ಅದನ್ನು ನೋಡಿ ಓಣಿಯ ಬಾಯಲ್ಲೇ ನಿಂತು, “ಅಮ್ಮ ಇಳಿದ್ಮೇಲೆ ಹೇಳಿ ಸಾರ್, ಬರ್ತೀನಿ. ನಮ್ ಹುಡುಗ್ರು ಬೇವು ನೋಡಿದ್ರೆ ಒಳಗೆ ಕಾಲಿಡಲ್ಲ,” ಎಂದು ಹೊರಟುಹೋದನಂತೆ.

ಬೇವನ್ನು ಹರಿದು ಗೆಲ್ಲಲಾಗುವುದಿಲ್ಲ ಎಂದು ಮುನಿರಾಜಣ್ಣನಿಗೆ ಆಗ ಹೊಳೆದಿರಬೇಕು. ಬೆಳಿಗ್ಗೆ ಮೂಢನಂಬಿಕೆ ಎಂದವನು ಮರುದಿನ ಆ ಮೂಢನಂಬಿಕೆಯನ್ನೇ ಬಾಡಿಗೆಗೆ ಹಿಡಿದ. ನಾನು ಕೆಲಸದಲ್ಲಿದ್ದೆ. ಮುಂದಿನದನ್ನು ದೊಡ್ಡಮ್ಮನ ಬಾಯಿಂದ ಕೇಳಿದ್ದು, ಎಷ್ಟು ಸಲ ಕೇಳಿದ್ದೇನೆಂದರೆ ಕಣ್ಣಾರೆ ಕಂಡಂತೆಯೇ ಆಗಿದೆ. ಹಣ್ಣು, ಕಾಯಿ, ಸೀರೆಯ ತಟ್ಟೆ ಹಿಡಿದುಕೊಂಡು, ರಸ್ತೆಬದಿಯ ಮಾರಮ್ಮನ ಗುಡಿಯ ಪೂಜಾರಿಯನ್ನು ಮುಂದೆ ಮಾಡಿಕೊಂಡು ಮುನಿರಾಜಣ್ಣ ಬಂದ. ಜೊತೆಗೆ ಆ ಕಂಟ್ರಾಕ್ಟರನ್ನೂ ಕರೆತಂದಿದ್ದ. ಅವತ್ತೇ ಬಸವರಾಜನ ತಲೆಗೆ ನೀರು ಹಾಕಿಸಿ ಅಮ್ಮನನ್ನು ಕಳಿಸಿಕೊಡಬೇಕು ಎಂದ.

“ಇನ್ನಾ ಹೊಸಾ ಗುಳ್ಳಿ ಏಳಾಕತ್ಯಾವ್ರಿ. ಮೂರು ನೀರು ಆಗಬೇಕ್ರಿ, ಅದೂ ಬಾಡಿದ ಮ್ಯಾಲೆ, ದಿನಾ ಬಿಟ್ಟು ದಿನಾ,” ಎಂದು ದೊಡ್ಡಮ್ಮ ಅಡ್ಡ ನಿಂತಳು.

ಪೂಜಾರಿ ನಕ್ಕನಂತೆ. “ಮೂರು ನೀರಾಗ್ಬೇಕು ಅಂತ ಇದೆ ಅಜ್ಜಿ. ಮೂರು ದಿನ ಆಗ್ಬೇಕು ಅಂತ ಎಲ್ಲಿದೆ? ಮೂರು ಕೊಡ ಇವತ್ತೇ ಹಾಕೋಣ. ನಾನಿದೀನಲ್ಲ, ಅಮ್ಮನ ಹತ್ರ ನಾನು ಮಾತಾಡ್ತೀನಿ.”

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ದೇವಿ ಕೊಡದಿದ್ದನ್ನು ಪೂಜಾರಿ ಕೊಟ್ಟುಬಿಟ್ಟ. ಬಸವರಾಜನ ಗೆಳೆಯರಿಗೂ ಕೋಣೆಯಲ್ಲಿ ಕೂತು ಸಾಕಾಗಿತ್ತು, ರಜೆ ಮುಗಿದಿತ್ತು, ಅವರೂ ಹೂಂ ಎಂದರು. ಜ್ವರದಲ್ಲಿ ನಡುಗುತ್ತಿದ್ದ ಬಸವರಾಜನನ್ನು ಬಚ್ಚಲಲ್ಲಿ ಕೂರಿಸಿ, ಒಂದರ ಹಿಂದೆ ಒಂದು ಮೂರು ಕೊಡ ಸುರಿದರು. ಮೈ ಒರೆಸಿ ತುಂಬು ತೋಳಿನ ಅಂಗಿ ತೊಡಿಸಿ ಒಳಗೆ ಚಾಪೆಯ ಮೇಲೆ ಕೂರಿಸಿದರು. ಮುನಿರಾಜಣ್ಣನ ಮನೆಯಿಂದ ಮೊಸರನ್ನದ ಪಾತ್ರೆ ಬಂತು. ಬೇವು ಇಳಿಯಿತು. ಆಮೇಲೆ ಅವನು ನಮ್ಮ ಎದುರು ಬಾಗಿಲಿಗೆ ಬಂದು, “ಬಾರಮ್ಮ ರೇಣುಕಾ. ತುಂಬಿದ ಬಸುರಿ, ಮೊದಲನೇ ಉಡಿ ನಿಂಗೇ. ಅಮ್ಮನ ಆಶೀರ್ವಾದ ಬೇಡ ಅನ್ಬಾರ್ದು,” ಎಂದು ಕರೆದ.

ಅವನಿಗೆ ಬೇಕಾಗಿದ್ದು ಆಶೀರ್ವಾದವಲ್ಲ. ಬಸುರಿಯೇ ಒಳಗೆ ಹೋಗಿ ಕೂತಳು ಎಂದರೆ ಕಂಟ್ರಾಕ್ಟರಿಗೆ ಬೇರೆ ರುಜುವಾತು ಬೇಡ. ರೇಣುಕಾ ಒಂದು ಗಳಿಗೆ ದೊಡ್ಡಮ್ಮನ ಮುಖ ನೋಡಿದಳಂತೆ. ದೊಡ್ಡಮ್ಮ ಏನು ಹೇಳಬೇಕು? ಮೂರು ನೀರಾಗಿದೆ. ಪೂಜಾರಿ ಮುಂದೆ ನಿಂತಿದ್ದಾನೆ. ತಾಯಿಯ ಉಡಿ ಬೇಡ ಎಂದರೆ ಹೊಟ್ಟೆಯಲ್ಲಿರುವ ಕೂಸಿಗೆ ಏನಾದೀತು ಎಂಬ ಹೆದರಿಕೆ ಬೇರೆ. ನೀರು ಬೀಳುವವರೆಗೆ ಆ ಬಾಗಿಲಿನ ಗಾಳಿಯನ್ನೂ ಸೋಕಿಸಿಕೊಳ್ಳದೆ ಇದ್ದವಳು, ನೀರು ಬಿತ್ತು ಎಂಬ ನಂಬಿಕೆಯಿಂದ ಕೊನೆಯ ಕೋಣೆಗೆ ಹೋದಳು. ಬಸವರಾಜನ ಎದುರಿಗೇ ಕೂತು, ಉಡಿ ತುಂಬಿಸಿಕೊಂಡು, ಮೊಸರನ್ನ ಉಂಡು, ಹರಟೆ ಹೊಡೆದು ಬಂದಳು. ತಾಯಿಯ ನೇಮವನ್ನು ಅವಳು ಒಂದಿಷ್ಟೂ ಮೀರಲಿಲ್ಲ. ನೇಮವನ್ನೇ ಬೇರೆಯವರು ಕತ್ತರಿಸಿ ಗಿಡ್ಡ ಮಾಡಿದ್ದರು.

ಸಂಜೆ ಸುದ್ದಿ ಕೇಳಿ ನಾನು ಮಹಡಿ ಮನೆಯ ಗೇಟು ಬಡಿದೆ. ಕಿರುಚಿದೆ ಎಂದರೂ ಸರಿಯೇ. ಆ ರೋಗಕ್ಕೆ ಎಷ್ಟು ದಿನ ಬೇಕೋ ಅಷ್ಟು ದಿನ ಬೇಕು, ನೀವು ಕೊಡ ಎಣಿಸಿದರೆ ಅದು ಎದ್ದು ಹೋಗುವುದಿಲ್ಲ ಎಂದೆ. ಮುನಿರಾಜಣ್ಣ ಗ್ರಿಲ್ಲಿನ ಆಚೆ ನಿಂತು ಸಮಾಧಾನವಾಗಿ, “ನಿಮ್ ಶಾಸ್ತ್ರದ ಪ್ರಕಾರವೇ ಮಾಡ್ಸಿದೀನಲ್ಲಮ್ಮ. ಬೇವು ಕಿತ್ತಾಕ್ದಾಗಲೂ ಬೈದ್ರಿ, ಪೂಜೆ ಮಾಡ್ಸಿದ್ರೂ ಬೈತೀರ. ನಾನೇನ್ ಮಾಡ್ಬೇಕು ಹೇಳು?” ಎಂದ. ಹಾವೂ ಸಾಯದೆ, ಕೋಲೂ ಮುರಿಯದೆ ಕೆಲಸ ಮುಗಿಸಿದ್ದ. ಬಸವರಾಜನ ಬೆನ್ನಿನ ಮೇಲೆ ಆ ರಾತ್ರಿಯೂ ಹೊಸ ಗುಳ್ಳೆಗಳು ಎದ್ದವು. ದೊಡ್ಡಮ್ಮ ಮತ್ತೆ ಬೇವು ಕಟ್ಟಲು ಹೋದರೆ ಅವನ ಗೆಳೆಯರೇ ತಡೆದರು. ಕಳಿಸಿದ ತಾಯಿಯನ್ನು ಮತ್ತೆ ಕರೆದಂತೆ ಆಗುತ್ತದೆ ಎಂಬುದು ಅವರ ವಾದ.

ಹೊಸ ಆಳುಗಳು ಬಂದು ತುಂಬಿಕೊಂಡರು. ಓಣಿಯಲ್ಲಿ ಗದ್ದಲ, ನಲ್ಲಿಯ ಮುಂದೆ ಸಾಲು. ಕೊರೊನಾ ನಮಗೆಲ್ಲ ಒಂದು ಪಾಠ ಕಲಿಸಿತ್ತು, ರೋಗ ತಗುಲಿದ್ದು ತಕ್ಷಣ ಕಾಣುವುದಿಲ್ಲ, ಎರಡು ವಾರ ಕಾಯಬೇಕು ಎಂದು. ನಾನು ದಿನವೂ ಕೆಲಸದಿಂದ ಬಂದವಳೇ ರೇಣುಕಾಳ ಹಣೆ ಮುಟ್ಟುತ್ತಿದ್ದೆ. “ಅಕ್ಕಾ, ನೀ ಹಿಂಗ ಮಾಡಿದ್ರ ನನಗ ಇಲ್ಲದ್ ಜ್ವರ ಬರ್ತೈತಿ ನೋಡ,” ಎಂದು ಅವಳು ನಗುತ್ತಿದ್ದಳು. ಒಮ್ಮೆ ಡಾಕ್ಟರಿಗೆ ತೋರಿಸಿ ಬರೋಣ ಎಂದರೆ, “ಏನೂ ಆಗಿಲ್ಲಲ್ಲ, ಏನಂತ ತೋರಿಸ್ಲಿ?” ಎಂದಳು. ಯುಗಾದಿಯ ಹಿಂದಿನ ದಿನ ಹಣೆ ಕಾದಿತ್ತು. ಹಬ್ಬದ ಬೆಳಿಗ್ಗೆ ಹೊಟ್ಟೆಯ ಮೇಲೆ, ಕತ್ತಿನಲ್ಲಿ ಗುಳ್ಳೆಗಳು ಕಂಡವು. ದೊಡ್ಡಮ್ಮ ಅವಳ ಬಾಗಿಲಿಗೂ ಬೇವು ಕಟ್ಟಿದಳು. ಅವತ್ತು ಎಲ್ಲರ ಬಾಗಿಲಲ್ಲೂ ಮಾವು ಬೇವಿನ ತೋರಣ. ಯಾರ ಮನೆಯಲ್ಲಿ ಹಬ್ಬ, ಯಾರ ಮನೆಯಲ್ಲಿ ತಾಯಿ ಎಂದು ಹೊರಗಿನಿಂದ ಹೇಳುವಂತಿರಲಿಲ್ಲ. ಆ ವಾರದಲ್ಲೇ ಹೊಸ ಆಳುಗಳೂ ಒಬ್ಬರ ಹಿಂದೆ ಒಬ್ಬರು ಮಲಗಿದರು.

ಇಲ್ಲಿ ನನ್ನ ಸಿಟ್ಟು ನಮ್ಮವರ ಕಡೆಗೂ ತಿರುಗುತ್ತದೆ. ಕೂಡಲೇ ಆಸ್ಪತ್ರೆಗೆ ಹೋಗೋಣ ಎಂದರೆ ಮಲ್ಲಪ್ಪ ಊರಿಗೆ ಫೋನು ಮಾಡಿದ. ಅವನ ತಾಯಿ, ಸೂಜಿ ಗೀಜಿ ಬೇಡ, ತಾಯಿ ಮುನಿದರೆ ಕೂಸಿಗೆ ಕೇಡು ಎಂದಳು. ದೊಡ್ಡಮ್ಮ ಅದಕ್ಕೆ ಹೌದೆಂದು ತಲೆಯಾಡಿಸಿದಳು. ನಾನು ಅವಳ ಮೇಲೆ ಜೀವನದಲ್ಲಿ ಮೊದಲ ಸಲ ಕೂಗಾಡಿದೆ. “ನಿನ್ನ ತಾಯಿ ಗುಳ್ಳೆ ಬಾಡೋತನಕ ಕಾಯ್ತಾಳ, ಕೂಸು ಕಾಯೋದಿಲ್ಲ,” ಎಂದೆ. ದೊಡ್ಡಮ್ಮ ರೊಟ್ಟಿಯ ಹಲಗೆಯ ಮುಂದೆ ಕೂತುಬಿಟ್ಟಳು. ಎರಡು ದಿನ ಹಾಗೆಯೇ ಹೋಯಿತು. ಮೂರನೆಯ ದಿನ ರೇಣುಕಾಗೆ ಕೆಮ್ಮು ಹತ್ತಿತು. ಅಷ್ಟು ಮಾತಾಡುವವಳಿಗೆ ಒಂದು ಮಾತು ಪೂರ್ತಿ ಮಾಡಲು ಉಸಿರು ಸಾಲದಾಯಿತು. ಆಗ ದೊಡ್ಡಮ್ಮನೇ ಎದ್ದು, “ಏಳ್ರಿ, ಗಾಡಿ ತರಿಸ್ರಿ. ತಾಯಿ ಮುನಿದ್ರ ನನ್ನ ಮ್ಯಾಲೆ ಮುನೀಲಿ,” ಎಂದಳು.

ದೊಡ್ಡಾಸ್ಪತ್ರೆಯ ಲೇಡಿ ಡಾಕ್ಟರು ನನಗಿಂತ ಚಿಕ್ಕವಳು. ರೇಣುಕಾಳ ಎದೆಗೆ ಸ್ಟೆತಸ್ಕೋಪ್ ಇಟ್ಟು ನೋಡಿ, ಆಕ್ಸಿಜನ್ ಹಾಕಿಸಿ, ರೋಗ ಶ್ವಾಸಕೋಶಕ್ಕೆ ಇಳಿದಿದೆ ಎಂದಳು. ಆಮೇಲೆ ನಮ್ಮ ಕಡೆ ತಿರುಗಿದಳು. “ಮನೆ ಹತ್ರ ಯಾರಿಗಾದ್ರೂ ಇತ್ತಾ?”

“ಇತ್ತು ಡಾಕ್ಟ್ರೇ,” ಎಂದೆ.

“ಪ್ರೆಗ್ನೆಂಟ್ ಇರೋರನ್ನ ದೂರ ಇಡ್ಬೇಕು ಅಂತ ಗೊತ್ತಾಗಲ್ವಾ ನಿಮಗೆ? ಓದಿದೀರ ತಾನೆ? ಆಗಲೇ ಕರ್ಕೊಂಡು ಬಂದಿದ್ರೆ ಔಷಧಿ ಇತ್ತು. ಬೇವಿನ ಸೊಪ್ಪು ಕಟ್ಕೊಂಡು ಕೂತಿರ್ತೀರ ಅಷ್ಟೆ.”

ಅವಳ ಮಾತಿನಲ್ಲಿ ತಪ್ಪಿಲ್ಲ, ಆದರೂ ಕಪಾಳಕ್ಕೆ ಹೊಡೆದಂತಾಯಿತು. ದೂರ ಇಟ್ಟಿದ್ದೆವು ಡಾಕ್ಟ್ರೇ, ಬೇವು ಕಟ್ಟಿಯೇ ದೂರ ಇಟ್ಟಿದ್ದೆವು, ಬೇವು ಇಳಿಸಿ ಹತ್ತಿರ ಕರೆದವನು ಮಹಡಿ ಮನೆಯಲ್ಲಿ ಇದ್ದಾನೆ ಎಂದು ಹೇಳಬೇಕೆನಿಸಿತು. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳು ಮುಂದಿನ ಹಾಸಿಗೆಗೆ ಹೋಗಿದ್ದಳು. ದೊಡ್ಡಮ್ಮ ಸೆರಗು ಬಾಯಿಗಿಟ್ಟುಕೊಂಡು ಗೋಡೆಗೆ ಒರಗಿದ್ದಳು.

ರೇಣುಕಾ ಉಳಿದಳು. ಹೊಟ್ಟೆಯಲ್ಲಿದ್ದ ಹೆಣ್ಣು ಕೂಸು ಉಳಿಯಲಿಲ್ಲ. ಉಸಿರಿಲ್ಲದೆ ಹುಟ್ಟಿದ ಅದನ್ನು ಮಲ್ಲಪ್ಪ ಒಂದು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಹೊರಗೆ ಬಂದಾಗ ಅದರ ಮುಖ ನೋಡಿದೆ. ತಲೆತುಂಬ ಕೂದಲಿತ್ತು. ಅದಕ್ಕಿಂತ ಹೆಚ್ಚು ಬರೆಯಲು ನನ್ನಿಂದಾಗುವುದಿಲ್ಲ.

ವಠಾರದಲ್ಲಿ ಜನ ಆಡಿದ ಮಾತುಗಳು ಆ ಸಾವಿಗಿಂತಲೂ ಹೆಚ್ಚು ಚುಚ್ಚಿದವು. “ದೈವೇಚ್ಛೆ,” ಎಂದರು. “ಅವಳ ಹಣೇಲಿ ಕೂಸಿನ ಯೋಗ ಇಲ್ಲ,” ಎಂದರು. ಮುನಿರಾಜಣ್ಣನ ಬಗ್ಗೆ ಕೇಳಿದರೆ, “ಪಾಪ, ಅವ್ರಿಗೇನು ಗೊತ್ತು? ಒಳ್ಳೇದಾಗ್ಲಿ ಅಂತ ಪೂಜಿ ಮಾಡ್ಸ್ಯಾರ,” ಎಂದರು. ಪಾಪ, ಗೊತ್ತಿರಲಿಲ್ಲ. ಎರಡು ವರ್ಷ ಮೂಗು ಬಾಯಿ ಮುಚ್ಚಿಕೊಂಡು ತಿರುಗಿದ ಊರಿನಲ್ಲಿ, ಬಾಗಿಲಿಗೆ ಬಂದ ಹಾಲಿನ ಪೊಟ್ಟಣವನ್ನೂ ಸೋಪು ಹಾಕಿ ತೊಳೆದ ಮನುಷ್ಯನಿಗೆ, ಅಂಟುರೋಗ ಹೇಗೆ ಅಂಟುತ್ತದೆ ಎಂದು ಗೊತ್ತಿರಲಿಲ್ಲವೇ? ಆದರೆ ಗೊತ್ತಿತ್ತು ಎಂದು ಹೇಳಲು ನನ್ನ ಬಳಿ ಏನಿತ್ತು? ಬುಷ್ ಆಗಿದ್ದರೆ ಗೇಜಿಗೆ ಹಾಕಬಹುದಿತ್ತು. ಮನುಷ್ಯನ ಮನಸ್ಸನ್ನು ಯಾವುದಕ್ಕೆ ಹಾಕಿ ನೋಡುವುದು?

ಅಷ್ಟರಲ್ಲಿ ಹೊಸ ಆಳುಗಳು ರೋಗಕ್ಕೆ ಹೆದರಿ ಖಾಲಿ ಮಾಡಿದ್ದರು. ರೇಣುಕಾ ಆಸ್ಪತ್ರೆಯಿಂದ ಬಂದಾಗ ಅರ್ಧ ಓಣಿಗೆ ಬೀಗ ಬಿದ್ದಿತ್ತು. ಹಕ್ಕಳೆಗಳೆಲ್ಲ ಉದುರಿದ್ದವು, ಇನ್ನು ಯಾರಿಗೂ ಅಂಟುವುದಿಲ್ಲ ಎಂದು ಡಾಕ್ಟರು ಬರೆದುಕೊಟ್ಟಿದ್ದರು. ದೊಡ್ಡಮ್ಮ ಒಲೆಯ ಮೇಲೆ ಬೇವು ಅರಿಸಿನದ ನೀರು ಇಟ್ಟು, ಮೊದಲನೇ ನೀರಿಗೆ ಅವಳನ್ನು ಕರೆದಳು. ರೇಣುಕಾ ಏಳಲಿಲ್ಲ.

“ನನಗ ನೀರು ಹಾಕಬ್ಯಾಡ್ರಿ,” ಎಂದಳು. ದನಿ ಒಣಗಿತ್ತು, ಆದರೆ ಸ್ಪಷ್ಟವಾಗಿತ್ತು. “ಬಾಗಲಾ ಬೇವು ಅಲ್ಲೇ ಇರ್ಲಿ.”

ದೊಡ್ಡಮ್ಮ ಅತ್ತು ಕರೆದಳು, ಮಲ್ಲಪ್ಪ ಬೇಡಿಕೊಂಡ. ಅವಳು ಬಾಗಿಲಿನ ಒಳಗೆ ಗೋಡೆಗೆ ಒರಗಿ ಕೂತೇ ಇದ್ದಳು. ಬೇವು ಒಣಗಿದರೆ ಬೇರೆ ಟೊಂಗೆ ಕಟ್ಟಿ ಎನ್ನುತ್ತಿದ್ದಳು. ನಾನು ಕಟ್ಟಿದೆ. ಯಾಕೆ ಎಂದು ಕೇಳಲಿಲ್ಲ, ನನಗೆ ಅರ್ಥವಾಗಿತ್ತು. ನೀರು ಬೀಳದ ಹೊರತು ತಾಯಿ ಹೋದಂತಲ್ಲ, ತಾಯಿ ಹೋಗದ ಹೊರತು ಆ ಓಣಿಗೆ ಹೊಸಬರು ಯಾರೂ ಕಾಲಿಡುವುದಿಲ್ಲ. ಕೋಣೆ ನೋಡಲು ಬಂದವರು ಓಣಿಯ ಬಾಯಿಂದಲೇ ವಾಪಸಾಗತೊಡಗಿದರು. ಕಾರ್ಖಾನೆಗಳಲ್ಲಿ ಆಳುಗಳು ಯಂತ್ರ ನಿಲ್ಲಿಸಿ ಮುಷ್ಕರ ಹೂಡುವುದನ್ನು ಕಂಡಿದ್ದೇನೆ. ಸ್ನಾನ ನಿಲ್ಲಿಸಿ ಹೂಡಿದ ಮು‌ಷ್ಕರವನ್ನು ಅದೊಂದೇ ಸಲ ಕಂಡದ್ದು.

ಒಂದು ಭಾನುವಾರ ಮುನಿರಾಜಣ್ಣ ಬಂದ. ವಠಾರದವರೆಲ್ಲ ಮನೆಯಲ್ಲಿದ್ದರು. ಈ ಸಲ ಪೂಜಾರಿ ಇರಲಿಲ್ಲ. ಮುಖ ಸಪ್ಪಗಿತ್ತು.

“ಆಗಿದ್ದು ಆಗೋಯ್ತಮ್ಮ. ಡಾಕ್ಟ್ರೇ ವಾಸಿಯಾಯ್ತು ಅಂದವ್ರಲ್ಲ. ಸುಮ್ನೆ ನೀರು ಹಾಕ್ಕೊಂಬಿಡು,” ಎಂದ. “ಈ ತಿಂಗಳ ಬಾಡಿಗೇನೂ ಬೇಡ.”

“ಬಾಡಿಗಿ ಕೊಡ್ತೀವ್ರಿ,” ಎಂದಳು ರೇಣುಕಾ.

“ಮತ್ತೇನು ಬೇಕು ನಿಂಗೆ?”

ಅವಳು ಗೋಡೆ ಹಿಡಿದು ಮೆಲ್ಲಗೆ ಎದ್ದಳು. ಕೋಣೆಯ ನಡುವೆ ಚಾಪೆ ಬಿಚ್ಚಿ ಹಾಸಿದಳು. ತಟ್ಟೆಗೆ ಮೊಸರನ್ನ ಬಡಿಸಿ ಚಾಪೆಯ ಮುಂದಿಟ್ಟಳು. ಆಮೇಲೆ ಬಾಗಿಲ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

“ಒಳಗ ಬರ್ರಿ. ಕುಂತು ಒಂದ್ ತುತ್ತು ಉಂಡು ಹೋಗ್ರಿ. ನೀವು ಉಂಡ ಕೂಡ್ಲೇ ನಾ ನೀರು ಹಾಕ್ಕೋತೀನಿ.”

ಇಷ್ಟೇನಾ ಎಂಬಂತೆ ಮುನಿರಾಜಣ್ಣ ನಮ್ಮನ್ನೆಲ್ಲ ನೋಡಿ ನಕ್ಕ. ಚಪ್ಪಲಿ ಬಿಟ್ಟ. ಹೊಸ್ತಿಲ ಹತ್ತಿರ ಬಂದು ಬಗ್ಗಿ ಒಳಗೆ ಇಣುಕಿದ. ಅವಳ ಮುಖದ ಮೇಲಿನ ಕಲೆಗಳನ್ನು ನೋಡಿದ, ತಟ್ಟೆ ನೋಡಿದ. ಎತ್ತಿದ ಕಾಲು ಹಿಂದಕ್ಕೆ ಬಂತು.

“ಡಾಕ್ಟ್ರು ಬರ್ಕೊಟ್ಟಾರ್ರಿ. ಇನ್ನ ಅಂಟಂಗಿಲ್ಲ ಅಂತ,” ಎಂದಳು.

“ಅಲ್ಲಮ್ಮ... ಹಂಗಲ್ಲ...” ಅವನು ಒಂದು ಹೆಜ್ಜೆ ಹಿಂದೆ ಸರಿದು, ಕಾಲಿನಲ್ಲೇ ಚಪ್ಪಲಿ ತಡಕಾಡಿದ. “ಮನೇಲಿ ಮೊಮ್ಮಗು ಇದೆ ಕಣಮ್ಮ. ಸಣ್ಣ ಕೂಸು.”

ಪಾಪ ಅವರಿಗೇನು ಗೊತ್ತು ಎಂದವರೆಲ್ಲ ಅಲ್ಲೇ ನಿಂತಿದ್ದರು.

“ನಂದೂ ಇತ್ರಿ,” ಎಂದಳು ರೇಣುಕಾ.